ಅಳಿದ ಜಿಲ್ಲೆ, ಉಳಿದ ಹೆಸರು

ಸಂಘದ ಸಂಸ್ಥಾಪನಾ ವಾರ್ಷಿಕೋತ್ಸವದ ಈ ಸ್ಮರಣ ಸಂಚಿಕೆಗೆ "ವೈದ್ಯಕೀಯ ಬಿಟ್ಟು ಬೇರೆ ಏನಾದರೂ ಬರೆದುಕೊಡಿ ಡಾಕ್ಟರೇ" ಎಂದು ಕಾರ್ಯದರ್ಶಿಗಳು ಕೇಳಿದರು. ಹಿಂದಿನ ಸಂಚಿಕೆಗಳಲ್ಲಿ ನಾವು ಸಕ್ಕರೆ ಕಾಯಿಲೆಯ ಬಗ್ಗೆಯೂ ರಕ್ತದೊತ್ತಡದ ಬಗ್ಗೆಯೂ ಬರೆದದ್ದನ್ನು ಓದಿ ಯುಗಾದಿ ಊಟದಲ್ಲಿ ಹೋಳಿಗೆ ಬೇಡವೆಂದವರು ಒಬ್ಬರೂ ಇಲ್ಲವಾದ್ದರಿಂದ ಈ ಸೂಚನೆ ನಮಗೂ ಒಪ್ಪಿಗೆಯಾಯಿತು. ಇತಿಹಾಸ ನಾವು ಕಲಿತ ಶಾಸ್ತ್ರವಲ್ಲ. ಮಂಗಳೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಪರ್ತಿನಲ್ಲಿ ರೆಸಿಡೆನ್ಸಿ ಮಾಡಿ, ಬ್ರಿಸ್ಬೇನಿನಲ್ಲಿ ಕೆಲವು ವರ್ಷ ಕಳೆದು, ಕೊನೆಗೆ ಅಡಿಲೇಡಿನಲ್ಲಿ ಬೇರೂರಿದವರು ನಾವು. ಆದರೆ ಈ ಮೂರು ಊರುಗಳಲ್ಲಿಯೂ ಒಂದು ಸಂಗತಿ ನಮ್ಮ ಕಣ್ಣಿಗೆ ಬೀಳುತ್ತಲೇ ಇತ್ತು. ಇಂಗ್ಲಿಷರ ನಾಡೆಂದು ನಾವು ತಿಳಿದು ಬಂದ ಈ ದೇಶದಲ್ಲಿ ಇಂಗ್ಲಿಷಲ್ಲದ ಊರ ಹೆಸರುಗಳು, ಬೀದಿಯ ಹೆಸರುಗಳು. ಅವುಗಳ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದನ್ನು ಓದುಗರ ಮುಂದಿಡುತ್ತಿದ್ದೇವೆ.

ಅಡಿಲೇಡಿನಲ್ಲಿರುವ ನಮ್ಮವರಿಗೆಲ್ಲ ಓ-ಬಾನ್ ಬಸ್ಸಿನ ಪರಿಚಯ ಇದ್ದೇ ಇದೆ. ಹಳಿಯ ಮೇಲೆ ರೈಲಿನಂತೆ ಓಡುವ ಈ ಬಸ್ಸಿನ ತಂತ್ರವೇ ಜರ್ಮನಿಯದು. ಇಲ್ಲಿ ಅದು 1986ರಲ್ಲಿ ಶುರುವಾಯಿತು. ಪೇಟೆಯಿಂದ ಹೊರಟರೆ ಮೊದಲ ನಿಲ್ದಾಣ ಕ್ಲೆಮ್ಜಿಗ್. ಅದರಾಚೆಯದು ಪ್ಯಾರಡೈಸ್. ಸ್ವರ್ಗಕ್ಕೆ ಹೋಗಬೇಕಾದರೆ ಕ್ಲೆಮ್ಜಿಗ್ ದಾಟಲೇಬೇಕು ಎಂದು ನಮ್ಮ ಮಿತ್ರರೊಬ್ಬರು ತಮಾಷೆ ಮಾಡುವುದುಂಟು. ಈ ಕ್ಲೆಮ್ಜಿಗ್‌ಗೆ ಹೆಸರು ಕೊಟ್ಟ ಮೂಲ ಹಳ್ಳಿ ಇದ್ದದ್ದು ಪ್ರಷ್ಯಾ ರಾಜ್ಯದ ಬ್ರಾಂಡೆನ್‌ಬುರ್ಗ್ ಪ್ರಾಂತದಲ್ಲಿ, ಓಡರ್ ನದಿಯ ಹತ್ತಿರ, ತ್ಸುಲಿಖೌ-ಶ್ವೀಬುಸ್ ಎಂಬ ಜಿಲ್ಲೆಯಲ್ಲಿ. ಹೆಸರು ಬಾಯಿಗೆ ಸುಲಭವಲ್ಲ, ಒಪ್ಪುತ್ತೇವೆ. ಆದರೆ ತಿರುಮಕೂಡಲು ನರಸೀಪುರದವರನ್ನೂ ಹಗರಿಬೊಮ್ಮನಹಳ್ಳಿಯವರನ್ನೂ ಸದಸ್ಯರಾಗಿ ಪಡೆದಿರುವ ಸಂಘಕ್ಕೆ ಇದು ದೊಡ್ಡ ಕಷ್ಟವೇನಲ್ಲ.

ಜಿಲ್ಲೆ ಎಂದೆವು, ಅವರ ಮಾತಿನಲ್ಲಿ ಅದು 'ಕ್ರೈಸ್'. ನಮ್ಮ ತಾಲ್ಲೂಕಿಗಿಂತ ತುಸು ದೊಡ್ಡದು, ಜಿಲ್ಲೆಗಿಂತ ಚಿಕ್ಕದು ಎನ್ನಬಹುದು. ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ ಪ್ರಷ್ಯಾ ತನ್ನ ಆಡಳಿತವನ್ನು ಹೊಸದಾಗಿ ಜೋಡಿಸಿಕೊಂಡಾಗ, ಹಳೆಯ ಬ್ರಾಂಡೆನ್‌ಬುರ್ಗಿನ ತ್ಸುಲಿಖೌ ಭಾಗವನ್ನೂ ಅದುವರೆಗೆ ಸಿಲೇಸಿಯಕ್ಕೆ ಸೇರಿದ್ದ ಶ್ವೀಬುಸ್ ಭಾಗವನ್ನೂ ಒಂದುಗೂಡಿಸಿ ಈ ಜಿಲ್ಲೆಯನ್ನು ಮಾಡಿದರು. ಎರಡು ಊರಿನ ಹೆಸರನ್ನೂ ಉಳಿಸಿಕೊಂಡದ್ದು ಜಗಳ ತಪ್ಪಿಸಲಿಕ್ಕಿರಬಹುದು. ನಮ್ಮ ಕಡೆಯೂ ಇಂಥ ಜಾಣತನ ಉಂಟು. ಮರಳು ಮಿಶ್ರಿತ ನೆಲ, ಪೈನ್ ಕಾಡು, ಕೆರೆಗಳು, ರೈ ಮತ್ತು ಆಲೂಗಡ್ಡೆಯ ಬೇಸಾಯ. ಎರಡೂ ಪಟ್ಟಣಗಳಲ್ಲಿ ಉಣ್ಣೆ ಬಟ್ಟೆ ನೇಯುವವರು ಬಹಳ. ಓಡರ್ ನದಿಯ ಇಳಿಜಾರುಗಳಲ್ಲಿ ಅಷ್ಟಿಷ್ಟು ದ್ರಾಕ್ಷಿ. 1759ರಲ್ಲಿ ಏಳು ವರ್ಷಗಳ ಯುದ್ಧದ ಕಾಲಕ್ಕೆ ತ್ಸುಲಿಖೌ ಸಮೀಪದ ಕೇ ಎಂಬಲ್ಲಿ ರಷ್ಯನ್ನರು ಪ್ರಷ್ಯದ ಸೈನ್ಯವನ್ನು ಸೋಲಿಸಿದ್ದನ್ನು ಬಿಟ್ಟರೆ ಹೊರಗಿನ ಜಗತ್ತು ಈ ಕಡೆ ಹೆಚ್ಚು ನೋಡಿದಂತಿಲ್ಲ. ಸುದ್ದಿಗೆ ಬಾರದೆ ತಮ್ಮ ಪಾಡಿಗೆ ತಾವು ಇದ್ದ ಹಳ್ಳಿಗಳು. ಅವುಗಳಲ್ಲಿ ಒಂದು ಕ್ಲೆಮ್ಜಿಗ್, ಇನ್ನೊಂದು ಲಾಂಗ್‌ಮೈಲ್.

ಇಂಥ ಹಳ್ಳಿಯ ರೈತ ಹನ್ನೆರಡು ಸಾವಿರ ಮೈಲಿ ದಾಟಿ ಆಸ್ಟ್ರೇಲಿಯಕ್ಕೆ ಬರುವಂಥದ್ದೇನಾಯಿತು? ಬಡತನ ಇತ್ತು, ನಿಜ. ಆದರೆ ಬಡತನ ಒಂದೇ ಆಗಿದ್ದರೆ ಊರಿಗೆ ಊರೇ ಪಾದ್ರಿಯ ಹಿಂದೆ ಹೊರಡುತ್ತಿರಲಿಲ್ಲ. ಕಾರಣವಾದದ್ದು ಒಂದು ಪೂಜಾ ಪುಸ್ತಕ.

ಪ್ರಷ್ಯದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ 1817ರಲ್ಲಿ ತನ್ನ ರಾಜ್ಯದ ಲುಥೆರನ್ ಹಾಗೂ ರಿಫಾರ್ಮ್ಡ್ ಎಂಬ ಎರಡು ಪ್ರಾಟೆಸ್ಟೆಂಟ್ ಪಂಗಡಗಳನ್ನು ಒಂದು ಮಾಡುವುದಾಗಿ ಸಾರಿದ. ದೊರೆ ರಿಫಾರ್ಮ್ಡ್, ರಾಣಿ ಲುಥೆರನ್ ಆಗಿದ್ದಳು. ಒಟ್ಟಿಗೆ ಪ್ರಸಾದ ಸ್ವೀಕರಿಸುವಂತಿರಲಿಲ್ಲ. ಅರಮನೆಯ ಈ ತೊಡಕೂ ಒಂದು ಕಾರಣವೆನ್ನುತ್ತಾರೆ. ಹೊಸ ಪೂಜಾಕ್ರಮವನ್ನು ದೊರೆಯ ಮುತುವರ್ಜಿಯಲ್ಲೇ ಬರೆಯಿಸಿ, 1830ರ ಹೊತ್ತಿಗೆ ಎಲ್ಲ ಚರ್ಚುಗಳೂ ಅದನ್ನೇ ಅನುಸರಿಸಬೇಕೆಂದು ಆಜ್ಞೆಯಾಯಿತು. ಹೊರಗಿನವರಿಗೆ ಎರಡರ ನಡುವಿನ ವ್ಯತ್ಯಾಸ ಕೂದಲೆಳೆಯಷ್ಟೇ ಎನಿಸಬಹುದು. ಆದರೆ ನಾಮ ಅಡ್ಡವೋ ಉದ್ದವೋ ಎಂಬುದರ ಮೇಲೆ ಮದುವೆ ಮುರಿದುಬಿದ್ದ ನಾಡಿನವರಾದ ನಾವು ನಗುವಂತಿಲ್ಲ. ಹಳೆಯ ಲುಥೆರನ್ನರು ಒಪ್ಪಲಿಲ್ಲ. ಒಪ್ಪದ ಪಾದ್ರಿಗಳಿಗೆ ದಂಡ, ಸೆರೆವಾಸ. 1834ರ ಡಿಸೆಂಬರಿನಲ್ಲಿ ಸಿಲೇಸಿಯದ ಹ್ಯೋನಿಗರ್ನ್ ಎಂಬ ಹಳ್ಳಿಯಲ್ಲಿ ಭಕ್ತರು ಚರ್ಚಿನ ಬಾಗಿಲಿಗೆ ಕಾವಲು ಕೂತಾಗ ಸೈನಿಕರು ಬಂದು ಅವರನ್ನು ಚದುರಿಸಿ ಬಾಗಿಲು ಒಡೆದರು.

ಕ್ಲೆಮ್ಜಿಗ್‌ನ ಪಾದ್ರಿ ಔಗುಸ್ಟ್ ಕಾವೆಲ್. ಹುಟ್ಟಿದ್ದು ಬರ್ಲಿನ್ನಿನಲ್ಲಿ 1798ರಲ್ಲಿ. ಕ್ಲೆಮ್ಜಿಗ್‌ಗೆ ಬಂದದ್ದು 1826ರಲ್ಲಿ. ಮೊದಮೊದಲು ಹೊಸ ಕ್ರಮಕ್ಕೆ ಹೊಂದಿಕೊಂಡಿದ್ದ ಈತ 1835ರಲ್ಲಿ ಸರ್ಕಾರಿ ಚರ್ಚಿನಿಂದ ಹೊರಬಂದ. ಕೆಲಸ ಹೋಯಿತು. 1836ರಲ್ಲಿ ಹ್ಯಾಂಬುರ್ಗಿಗೆ, ಅಲ್ಲಿಂದ ಲಂಡನ್ನಿಗೆ ಹೋಗಿ ಜಾರ್ಜ್ ಫೈಫ್ ಆಂಗಾಸ್ ಎಂಬ ವ್ಯಾಪಾರಿಯನ್ನು ಕಂಡ. ಆಂಗಾಸ್ ಸೌತ್ ಆಸ್ಟ್ರೇಲಿಯನ್ ಕಂಪನಿಯ ಮುಖ್ಯಸ್ಥ. ಸರ್ಕಾರಿ ಚರ್ಚಿಗೆ ಸೇರದ ಬ್ಯಾಪ್ಟಿಸ್ಟ್ ಆದ್ದರಿಂದ ಇವರ ಸಂಕಟ ಆತನಿಗೆ ಅರ್ಥವಾಗುತ್ತಿತ್ತು. ಹೊಸ ವಸಾಹತಿಗೆ ಮೈಮುರಿದು ದುಡಿಯುವ ಒಕ್ಕಲು ಬೇಕೆಂಬ ಲೆಕ್ಕವೂ ಅಷ್ಟೇ ಚೆನ್ನಾಗಿ ಅರ್ಥವಾಗುತ್ತಿತ್ತು. ಪ್ರಯಾಣದ ಹಣವನ್ನು ಬಡ್ಡಿ ಸಾಲವಾಗಿ ಕೊಟ್ಟ. ಇತ್ತ ಪ್ರಷ್ಯದ ಅಧಿಕಾರಿಗಳು ಪಾಸ್‌ಪೋರ್ಟ್ ಕೊಡದೆ ಎರಡು ವರ್ಷ ಸತಾಯಿಸಿದರು. ಹೊಲ ಮನೆ ಮಾರಿಕೊಂಡು ವೀಸಾಕ್ಕೆ ಕಾಯುವ ಪಾಡು ಇಪ್ಪತ್ತನೆಯ ಶತಮಾನದ ಸೃಷ್ಟಿಯಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕೊನೆಗೆ 1838ರ ಬೇಸಗೆಯಲ್ಲಿ ಅಪ್ಪಣೆ ಸಿಕ್ಕಿತು. ಜಿಲ್ಲೆಯ ಚಿಖೆರ್ತ್ಸಿಗ್ ಎಂಬ ನದಿ ಬಂದರಿನಲ್ಲಿ ದೋಣಿ ಹತ್ತಿ, ಓಡರ್‌ನಿಂದ ಕಾಲುವೆಗಳ ಮೂಲಕ ಬರ್ಲಿನ್ ದಾಟಿ, ಎಲ್ಬ್ ನದಿ ಹಿಡಿದು ಹ್ಯಾಂಬುರ್ಗ್ ಸೇರಿದರು. 'ಪ್ರಿನ್ಸ್ ಜಾರ್ಜ್' ಎಂಬ ಹಡಗು ಸುಮಾರು 200 ಜನರನ್ನೂ ಪಾದ್ರಿ ಕಾವೆಲ್‌ನನ್ನೂ ಹೊತ್ತು ಆ ವರ್ಷದ ನವೆಂಬರ್ ನಡುವಿನಲ್ಲಿ ಅಡಿಲೇಡ್ ಬಂದರಿಗೆ ಬಂತು. ಅದೇ ದಿನಗಳಲ್ಲಿ ಇನ್ನೊಂದು ಚಿಕ್ಕ ತಂಡವನ್ನು ತಂದ ಹಡಗಿನ ಹೆಸರು 'ಬೆಂಗಾಲಿ'! ವರ್ಷದ ಕೊನೆಗೆ 'ಜೀಬ್ರಾ', ಮುಂದಿನ ಜನವರಿಯಲ್ಲಿ 'ಕ್ಯಾಥರೀನಾ'. ಇವುಗಳಲ್ಲಿ ಈ ಜಿಲ್ಲೆಯವರಲ್ಲದೆ ನೆರೆಯ ಪೋಸೆನ್ ಹಾಗೂ ಸಿಲೇಸಿಯ ಪ್ರಾಂತದವರೂ ಇದ್ದರು. ದಕ್ಷಿಣ ಆಸ್ಟ್ರೇಲಿಯ ವಸಾಹತು ಘೋಷಣೆಯಾಗಿ ಆಗಿನ್ನೂ ಎರಡೇ ವರ್ಷ.

ಪ್ರಿನ್ಸ್ ಜಾರ್ಜ್‌ನಲ್ಲಿ ಬಂದವರು ಟಾರೆನ್ಸ್ ನದಿಯ ದಂಡೆಯಲ್ಲಿ, ಆಂಗಾಸ್‌ನ ಜಮೀನಿನಲ್ಲಿ ಗೇಣಿಗೆ ನಿಂತರು. ಹುಲ್ಲು, ಮಣ್ಣು, ಮರದ ಮನೆಗಳನ್ನು ಎಬ್ಬಿಸಿ, ತರಕಾರಿ ಬೆಳೆದು ಪೇಟೆಗೆ ಒದಗಿಸಿದರು. ಊರಿಗೆ ಇಟ್ಟ ಹೆಸರು ಬಿಟ್ಟು ಬಂದ ಊರಿನದೇ: ಕ್ಲೆಮ್ಜಿಗ್. ಜೀಬ್ರಾ ಹಡಗಿನವರಿಗೆ ಅವರ ಕಪ್ತಾನ ಡಿರ್ಕ್ ಹಾನ್ ತಾನೇ ಮುಂದೆ ನಿಂತು ಬೆಟ್ಟದ ಮೇಲೆ ಜಮೀನು ಗೊತ್ತುಮಾಡಿಸಿದ. ಹಡಗಿನ ಕಪ್ತಾನನಿಗೆ ಅದು ಕೆಲಸವೇ ಅಲ್ಲ. ಪ್ರಯಾಣಿಕರನ್ನು ಬಂದರಿನಲ್ಲಿ ಇಳಿಸಿದರೆ ಅವನ ಜವಾಬ್ದಾರಿ ಮುಗಿಯುತ್ತಿತ್ತು. ಜನ ಕೃತಜ್ಞತೆಯಿಂದ 1839ರಲ್ಲಿ ಕಟ್ಟಿದ ಹಳ್ಳಿಗೆ ಹಾನ್‌ಡಾರ್ಫ್, ಅಂದರೆ ಹಾನನ ಊರು, ಎಂದು ಹೆಸರಿಟ್ಟರು. ಆತ ಕೆಲವೇ ವಾರಗಳಲ್ಲಿ ಹಡಗು ತೆಗೆದುಕೊಂಡು ಹೋದವನು ಮತ್ತೆ ಈ ಕಡೆ ಬರಲೇ ಇಲ್ಲ.

ಹಾನ್‌ಡಾರ್ಫಿನ ಹೆಂಗಸರ ವಿಷಯ ಹೇಳದೆ ಮುಂದೆ ಹೋಗಲಾರೆವು. ಬೆಣ್ಣೆ, ಮೊಟ್ಟೆ, ತರಕಾರಿಗಳನ್ನು ಬೆನ್ನ ಮೇಲೂ ಹೆಗಲ ಮೇಲೂ ಹೊತ್ತು, ನಡುರಾತ್ರಿಯಲ್ಲಿ ಹೊರಟು, ಮೂವತ್ತು ಕಿಲೋಮೀಟರಿಗೂ ಹೆಚ್ಚು ಬೆಟ್ಟದ ಹಾದಿ ಬರಿಗಾಲಲ್ಲಿ ಇಳಿದು, ಪೇಟೆ ಸಮೀಪಿಸಿದಾಗ ಹೊಳೆಯಲ್ಲಿ ಕಾಲು ತೊಳೆದು ಕಾಲುಚೀಲ ಏರಿಸಿ ಸಂತೆಗೆ ಹೋಗುತ್ತಿದ್ದರಂತೆ. ಮರಳುವಾಗ ಊರಿಗೆ ಬೇಕಾದ ಸಾಮಾನಿನ ಹೊರೆ. ಘಟ್ಟದ ಕೆಳಗಿನಿಂದ ತಲೆಹೊರೆ ಹೊತ್ತು ಸಂತೆಗೆ ಹತ್ತಿದ ನಮ್ಮ ಅಜ್ಜಿಯಂದಿರ ನೆನಪಾಗದೆ ಇರದು. ಆ ಕಾಲುದಾರಿ 'ಪಯನಿಯರ್ ವಿಮೆನ್ಸ್ ಟ್ರೇಲ್' ಎಂಬ ಹೆಸರಿನಲ್ಲಿ ಈಗಲೂ ಇದೆ. ನಾವು ಕುಟುಂಬ ಸಮೇತ ಒಮ್ಮೆ ನಡೆದಿದ್ದೇವೆ, ಹಗಲಿನಲ್ಲಿ, ಒಳ್ಳೆಯ ಬೂಟು ಹಾಕಿಕೊಂಡು, ಚಪಾತಿ ಪಲ್ಯ ಕಟ್ಟಿಕೊಂಡು. ಆದರೂ ಎರಡು ದಿನ ಮೊಣಕಾಲು ಮಾತು ಕೇಳಲಿಲ್ಲ.

ಒಂದು ಮಾತನ್ನು ಮರೆಯಬಾರದು. ಇವರು ನೆಲೆಸಿದ್ದು ಖಾಲಿ ನೆಲದಲ್ಲಲ್ಲ. ಟಾರೆನ್ಸ್ ಬಯಲು ಕೌರ್ನಾ ಜನರದು, ಹಾನ್‌ಡಾರ್ಫ್ ಬೆಟ್ಟಗಳು ಪೆರಾಮಾಂಕ್ ಜನರದು. ಅವರನ್ನು ಯಾರೂ ಕೇಳಲಿಲ್ಲ. ದೊರೆಯ ಬಲವಂತದಿಂದ ನೊಂದು ಬಂದವರು ಇನ್ನೊಬ್ಬರ ನೆಲದ ಮೇಲೆ ನೇಗಿಲು ಹೂಡಿದರು ಎಂಬುದು ಈ ಕಥೆಯ ಇನ್ನೊಂದು ಮುಖ. ಆದರೆ ಅದೇ 1838ರ ಅಕ್ಟೋಬರಿನಲ್ಲಿ 'ಪೆಸ್ತೋನ್‌ಜೀ ಬೊಮಾನ್‌ಜೀ' ಎಂಬ, ಮುಂಬಯಿಯ ಪಾರ್ಸಿ ಹೆಸರು ಹೊತ್ತ ಹಡಗಿನಲ್ಲಿ ಹೊಸ ಗವರ್ನರ್ ಗಾಲರ್‌ನೊಂದಿಗೆ ಬಂದಿಳಿದ ಇಬ್ಬರು ಜರ್ಮನ್ ಮಿಷನರಿಗಳು ಒಂದು ಬೇರೆ ಕೆಲಸ ಮಾಡಿದರು. ಟೈಶೆಲ್ಮನ್ ಮತ್ತು ಶ್ಯೂರ್ಮನ್ ಎಂಬ ಇವರು ಕೌರ್ನಾ ಭಾಷೆ ಕಲಿತು, 1840ರಲ್ಲಿ ಅದರ ವ್ಯಾಕರಣವನ್ನೂ ಸುಮಾರು ಎರಡು ಸಾವಿರ ಪದಗಳ ಕೋಶವನ್ನೂ ಅಚ್ಚು ಹಾಕಿಸಿದರು. ಟಾರೆನ್ಸ್ ದಂಡೆಯ ಪಿಲ್ಟಾವೊಡ್ಲಿ ಎಂಬಲ್ಲಿ ಅವರ ಶಾಲೆಯಲ್ಲಿ ಮಕ್ಕಳಿಗೆ ಪಾಠ ನಡೆದದ್ದು ಕೌರ್ನಾ ಭಾಷೆಯಲ್ಲೇ. 1845ರಲ್ಲಿ ಸರ್ಕಾರ ಅದನ್ನು ಮುಚ್ಚಿ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸಾಗಿಸಿತು. ಭಾಷೆಯನ್ನು ನಿರರ್ಗಳವಾಗಿ ಬಲ್ಲ ಕೊನೆಯವರೆಂದು ಹೇಳಲಾಗುವ ಇವಾರಿತ್ಜಿ ಎಂಬ ಮಹಿಳೆ 1929ರಲ್ಲಿ ತೀರಿಕೊಂಡರು. ಸುಮಾರು 1990ರಿಂದ ಕೌರ್ನಾ ಜನ ತಮ್ಮ ಭಾಷೆಯನ್ನು ಮತ್ತೆ ಎಬ್ಬಿಸಲು ಹೊರಟಾಗ ಅವರಿಗೆ ಮುಖ್ಯ ಆಧಾರವಾಗಿ ಸಿಕ್ಕಿದ್ದು ಆ 1840ರ ಪುಸ್ತಕವೇ.

ಮಂಗಳೂರಿನಲ್ಲಿ ಓದಿದ ನಮಗೆ ಇದು ತೀರ ಪರಿಚಿತ ಕಥೆ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಹ್ಯೋನಿಗರ್ನಿನ ಚರ್ಚಿನ ಬಾಗಿಲು ಒಡೆದ ವರ್ಷದಲ್ಲೇ. ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಿಷನ್ ಪ್ರೆಸ್ಸಿನಿಂದ ಹೊರಬಂತು. ಕಿಟ್ಟೆಲ್ ಹುಟ್ಟಿದ್ದು ಜರ್ಮನಿಯ ವಾಯವ್ಯ ಕರಾವಳಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಆ ಹಳ್ಳಿ ಸೇರಿದ್ದ ನಾರ್ಡನ್ ಜಿಲ್ಲೆಯೂ ಈಗ ಇಲ್ಲ. 1977ರಲ್ಲಿ ಅದನ್ನು ಪಕ್ಕದ ಔರಿಖ್ ಜಿಲ್ಲೆಯೊಳಗೆ ಸೇರಿಸಿಬಿಟ್ಟರು. ಆದರೆ ಅದು ಕಡತದ ಮೇಲಿನ ವ್ಯವಹಾರ, ಯಾರೂ ಮನೆ ಬಿಡಬೇಕಾಗಲಿಲ್ಲ. ನಮ್ಮದೂ ಅಂಥದ್ದೇ. ನಮ್ಮ ಜನನ ಪ್ರಮಾಣಪತ್ರದಲ್ಲಿ 'ಕಾರ್ಕಳ ತಾಲ್ಲೂಕು, ದಕ್ಷಿಣ ಕನ್ನಡ' ಎಂದಿದೆ. 1997ರಿಂದ ಕಾರ್ಕಳ ಉಡುಪಿ ಜಿಲ್ಲೆಯಲ್ಲಿದೆ. ಇಲ್ಲಿನ ವಲಸೆ ಇಲಾಖೆಯ ಗುಮಾಸ್ತರಿಗೆ ಇದನ್ನು ವಿವರಿಸಲು ಅರ್ಧ ಗಂಟೆ ಹಿಡಿಯಿತು. ಕಾಸರಗೋಡಿನ ಮಿತ್ರರ ಸಂಗತಿ ಇದಕ್ಕಿಂತ ಗಂಭೀರವಾದದ್ದು. 1956ರ ನವೆಂಬರ್ 1ರಂದು ಅವರು ಕೂತಲ್ಲೇ ಕೂತಿದ್ದರೂ ಅವರ ತಾಲ್ಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಹೋಯಿತು.

ಮತ್ತೆ ನಮ್ಮ ಜರ್ಮನ್ನರ ಕಡೆಗೆ. ಗೇಣಿ ಜಮೀನಿನಲ್ಲಿ ತೃಪ್ತಿಯಿಲ್ಲದೆ ಕ್ಲೆಮ್ಜಿಗ್‌ನವರಲ್ಲಿ ಬಹುಮಂದಿ ಬರೋಸಾ ಕಣಿವೆಗೆ ಸರಿದರು. 1842ರಲ್ಲಿ ಬೆಥಾನಿಯನ್, 1843ರಲ್ಲಿ ಲಾಂಗ್‌ಮೈಲ್. ಈ ಎರಡನೆಯದು ನಾವು ಮೇಲೆ ಹೇಳಿದ ತ್ಸುಲಿಖೌ ಬಳಿಯ ಹಳ್ಳಿಯ ಹೆಸರು. ಹೆಸರಷ್ಟೇ ಅಲ್ಲ, ಊರಿನ ಆಕಾರವನ್ನೂ ತಂದರು. ರಸ್ತೆಯುದ್ದಕ್ಕೂ ಮನೆಗಳು, ಪ್ರತಿ ಮನೆಯ ಹಿಂದೆ ಹೊಳೆಯವರೆಗೆ ಉದ್ದಕ್ಕೆ ಚಾಚಿದ ಪಟ್ಟಿ ಹೊಲ. ಈಗಲೂ ಬೆಥಾನಿಯಲ್ಲಿ ಇದನ್ನು ಗುರುತಿಸಬಹುದು. 1841ರಲ್ಲಿ ಫ್ರಿಟ್ಷೆ ಎಂಬ ಇನ್ನೊಬ್ಬ ಪಾದ್ರಿ ಇನ್ನೊಂದು ತಂಡದೊಂದಿಗೆ ಬಂದ. ಮಾರನೆಯ ವರ್ಷ ಲೋಬೆತಾಲ್ ಹುಟ್ಟಿತು. 1850ರ ದಶಕದಲ್ಲಿ ಬಂದ ಕೆಲವರಂತೂ ಜರ್ಮನ್ನರೇ ಅಲ್ಲ, ವೆಂಡ್ ಎಂಬ ಸ್ಲಾವ್ ಭಾಷೆಯವರು. ಹೊರಗಿನವರಿಗೆ ಎಲ್ಲರೂ ಜರ್ಮನ್ನರೇ. ತುಳು, ಕೊಂಕಣಿ, ಕೊಡವ, ಬ್ಯಾರಿ ಮನೆಮಾತಿನವರೆಲ್ಲ ಇಲ್ಲಿ 'ಇಂಡಿಯನ್' ಆಗಿಬಿಡುವಂತೆ.

ಕಷ್ಟ ಮುಗಿದು ಹೊಟ್ಟೆ ತುಂಬಿದ ಕೂಡಲೇ ಏನಾಗಬೇಕೋ ಅದೇ ಆಯಿತು. 1846ರ ಆಗಸ್ಟಿನಲ್ಲಿ ಬೆಥಾನಿಯಲ್ಲಿ ಸೇರಿದ ಸಭೆಯಲ್ಲಿ ಕಾವೆಲ್‌ಗೂ ಫ್ರಿಟ್ಷೆಗೂ ಮನಸ್ತಾಪ ಬಂದು ಕಾವೆಲ್ ತನ್ನವರೊಡನೆ ಎದ್ದು ನಡೆದ. ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ ಎಂಥದ್ದು ಎಂಬುದು ಚರ್ಚೆಯ ವಿಷಯ. ಒಂದು ಚರ್ಚು ಎರಡಾಯಿತು. ಮತ್ತೆ ಒಂದಾದದ್ದು 1966ರಲ್ಲಿ, ಅಂದರೆ 120 ವರ್ಷಗಳ ನಂತರ. ಹೊರದೇಶದ ಒಂದೇ ಊರಿನಲ್ಲಿ ಎರಡು ಸಂಘ, ಎರಡು ಗಣೇಶ ಕಂಡವರಿಗೆ ಇದರ ಮೇಲೆ ಟೀಕೆ ಬೇಕಿಲ್ಲ. ಕಾವೆಲ್ 1860ರಲ್ಲಿ ತೀರಿಕೊಂಡ; ಸಮಾಧಿ ಟನುಂಡಾದ ಲಾಂಗ್‌ಮೈಲ್ ಚರ್ಚಿನ ಅಂಗಳದಲ್ಲಿದೆ.

ಬ್ರಿಸ್ಬೇನಿನ ಮಿತ್ರರು ತಮ್ಮ ಊರು ಬಿಟ್ಟುಹೋಯಿತೆಂದು ಮುನಿಸಿಕೊಳ್ಳಬೇಕಾಗಿಲ್ಲ. ಅದೇ 1838ರಲ್ಲಿ ಬರ್ಲಿನ್ನಿನ ಗೋಸ್ನರ್ ಎಂಬ ಪಾದ್ರಿ ತರಬೇತಿ ಕೊಟ್ಟು ಕಳಿಸಿದ ತಂಡವೊಂದು ಈಗಿನ ನಂಡಾದಲ್ಲಿ ಜಯನ್ ಹಿಲ್ ಎಂಬ ನೆಲೆಯನ್ನು ಹೂಡಿತು. ಬ್ರಿಸ್ಬೇನ್ ಆಗ ಕೈದಿಗಳ ಶಿಬಿರ. ಕ್ವೀನ್ಸ್‌ಲ್ಯಾಂಡಿನ ಮೊದಲ ಸ್ವತಂತ್ರ ಬಿಳಿಯರ ವಸತಿ ಎಂದರೆ ಈ ಜರ್ಮನ್ನರದೇ. ಬಡಗಿ, ಕಮ್ಮಾರ, ನೇಕಾರರು ಅವರಲ್ಲಿ ಹೆಚ್ಚು. ಮಿಷನ್ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಆದರೆ ಜನ ಉಳಿದರು. ಜಿಲ್‌ಮಿಯರ್ ಬಡಾವಣೆ ಅವರಲ್ಲೊಬ್ಬನಾದ ಜಿಲ್‌ಮನ್‌ನ ಹೆಸರಿನದು. ಚರ್ಮ್‌ಸೈಡಿನ ದೊಡ್ಡ ಆಸ್ಪತ್ರೆ ಇರುವ ರೋಡ್ ರೋಡ್ ಎಂಬುದು ಮುದ್ರಣದೋಷವಲ್ಲ, ಅದು ಫ್ರಾನ್ಸ್ ರೋಡ್ ಎಂಬ ಇನ್ನೊಬ್ಬನ ನೆನಪು. ಇದೇ ಗೋಸ್ನರ್ 1845ರಲ್ಲಿ ನಮ್ಮ ರಾಂಚಿಗೂ ಮಿಷನರಿಗಳನ್ನು ಕಳಿಸಿದ್ದ. ಪರ್ತಿನಲ್ಲಿ ಜರ್ಮನ್ ನೆಲೆಗಳು ಹೇಳಿಕೊಳ್ಳುವಷ್ಟಿರಲಿಲ್ಲ. ಅಲ್ಲಿನವರ ಸರದಿ ಬರುವುದು ಯುದ್ಧದ ಕಾಲಕ್ಕೆ.

1914ರ ಆಗಸ್ಟಿನಲ್ಲಿ ಯುದ್ಧ ಶುರುವಾದಾಗ ಬರೋಸಾದ ಜರ್ಮನ್ನರು ಮೂರನೆಯ, ನಾಲ್ಕನೆಯ ತಲೆಮಾರಿನವರು. ಯಾರ ದೌರ್ಜನ್ಯಕ್ಕೆ ಅಂಜಿ ಅಜ್ಜಂದಿರು ಓಡಿಬಂದರೋ ಆ ದೊರೆಯ ವಂಶಸ್ಥನೇ ಈಗ ಶತ್ರು ಚಕ್ರವರ್ತಿ. ಇವರಿಗೆ ಅವನ ಮೇಲೆ ಪ್ರೀತಿ ಇರಲು ಕಾರಣವೇ ಇರಲಿಲ್ಲ. ಆದರೆ ಹೆಸರು, ಮಾತು ಎರಡೂ ಜರ್ಮನ್. ಅಡಿಲೇಡಿನಲ್ಲಿಯೇ ಹುಟ್ಟಿದ ಹರ್ಮನ್ ಹೋಂಬರ್ಗ್ ಆಗ ದಕ್ಷಿಣ ಆಸ್ಟ್ರೇಲಿಯದ ಅಟಾರ್ನಿ ಜನರಲ್. 1915ರಲ್ಲಿ ರಾಜೀನಾಮೆ ಕೊಡಬೇಕಾಯಿತು. ಅಡಿಲೇಡಿನಲ್ಲಿ ಟಾರೆನ್ಸ್ ದ್ವೀಪ, ಪರ್ತಿನಲ್ಲಿ ರಾಟ್‌ನೆಸ್ಟ್ ದ್ವೀಪ, ಬ್ರಿಸ್ಬೇನಿನಲ್ಲಿ ಎನೋಗೆರಾ, ಇವೆಲ್ಲ ಬಂಧನ ಶಿಬಿರಗಳಾದವು. ರಾಟ್‌ನೆಸ್ಟಿಗೆ ಹೋಗಿ ಕ್ವೊಕ್ಕಾ ಜೊತೆ ಫೋಟೋ ತೆಗೆಸಿಕೊಂಡು ಬರುವ ನಮ್ಮವರಿಗೆ ಅದು ಮೊದಲು ಆದಿವಾಸಿಗಳ ಸೆರೆಮನೆ, ಆಮೇಲೆ ಕೆಲಕಾಲ ಜರ್ಮನ್ನರ, ಆಸ್ಟ್ರಿಯನ್ನರ ಸೆರೆಯೂ ಆಗಿತ್ತೆಂಬುದು ಹೊಳೆಯುವುದಿಲ್ಲ. ನಾವು ಪರ್ತಿನಲ್ಲಿದ್ದಾಗ ಮೂರು ಸಲ ಹೋಗಿದ್ದೇವೆ, ನಮಗೂ ಹೊಳೆದಿರಲಿಲ್ಲ. ದೇಶದಾದ್ಯಂತ ಹೀಗೆ ಬಂಧನಕ್ಕೊಳಗಾದವರು ಏಳು ಸಾವಿರಕ್ಕೆ ಸಮೀಪ. ನಮ್ಮ ವೃತ್ತಿಯವರೇ ಒಬ್ಬರಿದ್ದರು: 1890ರಲ್ಲಿ ಬ್ರಿಸ್ಬೇನಿಗೆ ಬಂದು ವೈದ್ಯರಾಗಿ, ಸೂಕ್ಷ್ಮಜೀವಿ ಶಾಸ್ತ್ರದಲ್ಲಿ ಹೆಸರು ಮಾಡಿದ ಡಾ. ಓಯ್ಗೆನ್ ಹಿರ್ಶ್‌ಫೆಲ್ಡ್. ಜರ್ಮನಿಯ ಗೌರವ ಕಾನ್ಸಲ್ ಆಗಿದ್ದರೆಂಬ ಕಾರಣಕ್ಕೆ ಅವರನ್ನು ಬಂಧಿಸಿ, ಯುದ್ಧ ಮುಗಿದ ಮೇಲೆ ಗಡೀಪಾರು ಮಾಡಿದರು. ವರ್ಷಗಳು ಕಳೆದ ಮೇಲೆ ಮರಳಿ ಬರಲು ಅಪ್ಪಣೆ ಸಿಕ್ಕಿತು.

ಅದೇ ಕಾಲಕ್ಕೆ ಮಂಗಳೂರಿನಲ್ಲಿಯೂ ಇದೇ ನಾಟಕ. ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಶಿಬಿರಗಳಲ್ಲಿಟ್ಟು ಆಮೇಲೆ ಸ್ವದೇಶಕ್ಕೆ ಅಟ್ಟಿತು. ಹಂಚಿನ ಕಾರ್ಖಾನೆಗಳೂ ನೇಯ್ಗೆ ಕಾರ್ಖಾನೆಗಳೂ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಯ ಪಾಲಾದವು. ನಮ್ಮ ಮನೆಯ ಮಾಡಿನ ಹಂಚುಗಳ ಬೆನ್ನ ಮೇಲೆ ಎರಡು ಬೇರೆ ಬೇರೆ ಹೆಸರಿನ ಮುದ್ರೆ ಏಕಿತ್ತೆಂದು ನಮಗೆ ಅರ್ಥವಾದದ್ದು ಈಚೆಗೆ.

ದಕ್ಷಿಣ ಆಸ್ಟ್ರೇಲಿಯ ಮಾತ್ರ ಮನುಷ್ಯರನ್ನು ಬಂಧಿಸಿ ಸುಮ್ಮನಾಗಲಿಲ್ಲ. 1917ರಲ್ಲಿ ಕಾಯಿದೆ ಮಾಡಿ 69 ಊರು, ಬೆಟ್ಟ, ಹೊಳೆಗಳ ಜರ್ಮನ್ ಹೆಸರನ್ನು ಅಳಿಸಿಹಾಕಿತು. ಹಾನ್‌ಡಾರ್ಫ್ ಆಂಬಲ್‌ಸೈಡ್ ಆಯಿತು. ಲೋಬೆತಾಲ್ ಟ್ವೀಡ್‌ವೇಲ್ ಆಯಿತು. ಲಾಂಗ್‌ಮೈಲ್‌ಗೆ ಬಿಲ್ಯಾರಾ ಎಂಬ ಆದಿವಾಸಿ ಹೆಸರು ಬಂತು. ಕ್ಲೆಮ್ಜಿಗ್‌ಗೆ ಇಟ್ಟ ಹೆಸರು ಗಾಜಾ, ಆಗಷ್ಟೇ ಬ್ರಿಟಿಷ್ ಸೈನ್ಯ ಗೆದ್ದ ಯುದ್ಧದ ನೆನಪಿಗೆ. ಅದೇ 1917ರ ಜುಲೈಯಲ್ಲಿ 49 ಲುಥೆರನ್ ಶಾಲೆಗಳನ್ನು ಮುಚ್ಚಿದರು. ಆ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತಿರಲಿಲ್ಲವೆಂದಲ್ಲ. ಜೊತೆಗೆ ಜರ್ಮನ್ನನ್ನೂ ಕಲಿಸುತ್ತಿದ್ದರು ಎಂಬುದೇ ತಪ್ಪಾಯಿತು.

1935ರಲ್ಲಿ, ವಸಾಹತಿನ ಶತಮಾನೋತ್ಸವ ಹತ್ತಿರ ಬಂದಾಗ, ಇನ್ನೊಂದು ಕಾಯಿದೆ ಮಾಡಿ ಹಾನ್‌ಡಾರ್ಫ್, ಲೋಬೆತಾಲ್, ಕ್ಲೆಮ್ಜಿಗ್ ಹೆಸರುಗಳನ್ನು ಹಿಂದಿರುಗಿಸಿದರು. ಬೇರೆ ಕೆಲವು 1970ರ ದಶಕದಲ್ಲಿ ಮರಳಿದವು, ಹಲವು ಮರಳಲೇ ಇಲ್ಲ. ಹೆಸರನ್ನು ಗೆಜೆಟ್ಟಿನ ಒಂದು ಪುಟದಲ್ಲಿ ಹಿಂದಕ್ಕೆ ಕೊಡಬಹುದು. ಆ ಶಾಲೆಗಳಿಲ್ಲದೆ ಬೆಳೆದ ಮಕ್ಕಳು ಆ ಹೊತ್ತಿಗೆ ತಾವೇ ತಂದೆತಾಯಿಗಳಾಗಿದ್ದರು, ಮತ್ತು ತಮ್ಮ ಮಕ್ಕಳೊಡನೆ ಇಂಗ್ಲಿಷ್ ಆಡುತ್ತಿದ್ದರು. ಜರ್ಮನ್ ಅಡಿಗೆಮನೆಗೂ ಪ್ರಾರ್ಥನೆಗೂ ಸರಿಯಿತು. ಎರಡನೆಯ ಮಹಾಯುದ್ಧ ಬಂದ ಮೇಲೆ ಅಲ್ಲಿಯೂ ದನಿ ತಗ್ಗಿತು.

ಆ ಎರಡನೆಯ ಯುದ್ಧ ಮೂಲ ಜಿಲ್ಲೆಯನ್ನೇ ನುಂಗಿತು. 1945ರ ಆರಂಭದಲ್ಲಿ ರಷ್ಯದ ಸೈನ್ಯ ಓಡರ್ ಕಡೆಗೆ ನುಗ್ಗಿದಾಗ ತ್ಸುಲಿಖೌ, ಶ್ವೀಬುಸ್‌ಗಳ ಜನ ಹಿಮದಲ್ಲಿ ಪಶ್ಚಿಮಕ್ಕೆ ಓಡಿದರು. ಉಳಿದವರನ್ನು ಆಮೇಲೆ ಹೊರಹಾಕಿದರು. ಹಿಟ್ಲರನ ಸೈನ್ಯ ಪೋಲೆಂಡಿನಲ್ಲಿ ಮಾಡಿದ್ದಕ್ಕೆ ಈ ಹಳ್ಳಿಗಳು ತೆತ್ತ ಬೆಲೆ ಅದು. ಓಡರ್-ನೈಸೆ ನದಿಗಳ ಪೂರ್ವದ ನೆಲ ಪೋಲೆಂಡಿಗೆ ಸಂದಿತು, ಜಿಲ್ಲೆ ಇಲ್ಲವಾಯಿತು. ಖಾಲಿ ಮನೆಗಳಿಗೆ ಬಂದ ಪೋಲಿಷರಲ್ಲಿ ಬಹುಮಂದಿ ಸೋವಿಯತ್ ಒಕ್ಕೂಟ ಕಬಳಿಸಿದ ಪೂರ್ವ ಪೋಲೆಂಡಿನಲ್ಲಿ ತಮ್ಮ ಮನೆ ಕಳೆದುಕೊಂಡವರು. ತ್ಸುಲಿಖೌ ಈಗ ಸುಲೆಖೂಫ್; ಶ್ವೀಬುಸ್ ಈಗ ಶ್ವಿಯೆಬೋಜಿನ್, 2010ರಲ್ಲಿ ನಿಲ್ಲಿಸಿದ ಬೃಹತ್ ಕ್ರಿಸ್ತನ ಪ್ರತಿಮೆಯಿಂದ ಹೆಸರಾದ ಊರು. ಕ್ಲೆಮ್ಜಿಗ್ ಈಗ ಕ್ಲೆಂಪ್ಸ್ಕ್. ಕಾವೆಲ್ ಉಪದೇಶ ಮಾಡಿದ ಮರದ ಚರ್ಚು, ಒಳಗೋಡೆಗಳ ತುಂಬ ಲುಥೆರನ್ನರ ಕಾಲದ ಚಿತ್ರಗಳೊಂದಿಗೆ, ಸುಸ್ಥಿತಿಯಲ್ಲಿದೆ. ಪೂಜೆ ನಡೆಯುವುದು ಕ್ಯಾಥೊಲಿಕ್ ಕ್ರಮದಲ್ಲಿ, ಪೋಲಿಷ್ ಭಾಷೆಯಲ್ಲಿ. ಹೀಗಾಗಿ ಕ್ಲೆಮ್ಜಿಗ್ ಎಂಬ ಹೆಸರು ನಾಮಫಲಕದ ಮೇಲೆ ದೊಡ್ಡದಾಗಿ ಬರೆದು ನಿಂತಿರುವುದು ಯುರೋಪಿನಲ್ಲಲ್ಲ, ನಮ್ಮ ಓ-ಬಾನ್ ನಿಲ್ದಾಣದಲ್ಲಿ.

ಈ ಬರಹಕ್ಕೆ ನಮ್ಮನ್ನು ತಳ್ಳಿದ್ದು ಪುಸ್ತಕಗಳಲ್ಲ, ವೃದ್ಧಾಶ್ರಮದ ರೌಂಡ್ಸು. ಮರೆವಿನ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಕಳಚಿ, ತೊಟ್ಟಿಲ ಭಾಷೆ ಕೊನೆಯವರೆಗೆ ಉಳಿಯುವುದುಂಟು. ಬರೋಸಾ ಕಡೆಯ ಮುದುಕರೊಬ್ಬರು ಎಪ್ಪತ್ತು ವರ್ಷ ಇಂಗ್ಲಿಷಿನಲ್ಲೇ ಬಾಳಿದವರು, ಒಂದು ದಿನದಿಂದ ಜರ್ಮನ್ನಿನಲ್ಲಿ ಮಾತಾಡತೊಡಗಿದರು. ಮಕ್ಕಳಿಗೆ ಒಂದು ಪದವೂ ತಿಳಿಯದು. ಅಪ್ಪ ಏನು ಕೇಳುತ್ತಿದ್ದಾರೆಂದು ತಿಳಿಯದೆ ಮಗ ನಮ್ಮ ಮುಖ ನೋಡಿದರು. ನಮಗೂ ತಿಳಿಯಲಿಲ್ಲ. ಫೋನಿನಲ್ಲಿ ದುಭಾಷಿಯನ್ನು ಹಿಡಿದು ಕೇಳಿಸಿದಾಗ ಗೊತ್ತಾಯಿತು: ಹಸುಗಳನ್ನು ಒಳಗೆ ಕಟ್ಟಿದ್ದಾರೆಯೇ ಎಂದು ಕೇಳುತ್ತಿದ್ದರು.

1970ರ ದಶಕದಲ್ಲಿ ಪರ್ತ್, ಬ್ರಿಸ್ಬೇನ್, ಅಡಿಲೇಡುಗಳಿಗೆ ಬಂದ ನಮ್ಮ ಹಿರಿಯರು ಈಗ ಎಂಬತ್ತರ ಆಚೀಚೆ. ಅವರಲ್ಲಿ ಕೆಲವರು ಆಗಲೇ ಇಂಗ್ಲಿಷನ್ನು ಬಿಡತೊಡಗಿದ್ದಾರೆ. ಇಲ್ಲಿ ನಮ್ಮ ಶಾಲೆ ಮುಚ್ಚಿಸಿದ ಸರ್ಕಾರ ಯಾವುದೂ ಇಲ್ಲ. ವಾರಾಂತ್ಯದ ಭಾಷಾ ಶಾಲೆಗಳಿಗೆ ಸರ್ಕಾರದಿಂದ ಸಹಾಯಧನವೂ ಉಂಟು. ಕನ್ನಡ ತರಗತಿಗೆ ಮಗುವನ್ನು ಕರೆತರಲು ಶನಿವಾರದ ಕ್ರಿಕೆಟ್ಟು ಅಡ್ಡಬಂದರೆ ಅದು ಕಾಯಿದೆಯ ತಪ್ಪಲ್ಲ.

ಸದ್ಯಕ್ಕೆ ನಾವು ಮಾಡಿರುವುದು ಚಿಕ್ಕ ಕೆಲಸ. ಒಂದು ಹಾಳೆಯಲ್ಲಿ ಇಪ್ಪತ್ತು ಕನ್ನಡ ಪದಗಳನ್ನು ದಾದಿಯರು ಓದಲು ಬರುವಂತೆ ಇಂಗ್ಲಿಷ್ ಅಕ್ಷರದಲ್ಲಿ, ಎದುರಿಗೆ ಅರ್ಥದೊಂದಿಗೆ ಬರೆದು, ಹಿರಿಯರ ಹಾಸಿಗೆಯ ಮೇಲ್ಗಡೆ ಅಂಟಿಸಲು ಕೊಡುತ್ತಿದ್ದೇವೆ. ನೀರು, ಬಿಸಿ, ತಣ್ಣಗೆ, ನೋವು, ಎಲ್ಲಿ, ಸಾಕು, ಬೇಡ, ಮೆಲ್ಲಗೆ, ಚಳಿ, ಅಮ್ಮ. ಉತ್ತರ ಕರ್ನಾಟಕದ ಹಿರಿಯರೊಬ್ಬರ ಮಗಳು ಇದರಲ್ಲಿ 'ತ್ರಾಸು' ಇಲ್ಲವೆಂದು ತಿದ್ದಿಕೊಟ್ಟರು, ಸೇರಿಸಿದ್ದೇವೆ. ನಿಮ್ಮ ಮನೆಯ ಹಿರಿಯರು ಬಳಸುವ, ಈ ಪಟ್ಟಿಯಲ್ಲಿಲ್ಲದ ಪದಗಳಿದ್ದರೆ ದಯವಿಟ್ಟು ಸಂಘದ ಕಾರ್ಯದರ್ಶಿಗಳಿಗೆ ಬರೆದು ತಿಳಿಸಿ. ತುಳು ಮತ್ತು ಕೊಂಕಣಿಯ ಹಾಳೆಗಳು ತಯಾರಾಗುತ್ತಿವೆ.